ಹದಿನೇಳನೆಯ ತಂತಿ

ಆರ್ವಿಡ್, ಈ ವರ್ಷ ನೀನು ಓಡುವುದು ಬೇಡ.
ಮಂಡಿಗೆ ಉಕ್ಕಿನ ಕೀಲು ಕೂರಿಸಿ ಇನ್ನೂ ಹನ್ನೊಂದು ವಾರ.
ಬೀಟ್ ಹೊಲದ ಅಂಚಿಗೆ, ಹಳೆಯ ಹಲಗೆಯ ಮೇಲೆ
ಕೊಳವೆಗಳನ್ನು ನಾನೇ ನಿಲ್ಲಿಸಿದ್ದೇನೆ,
ಸುತ್ತ ಮರಳಿನ ಚೀಲ.
ಒಂದೊಂದು ಬತ್ತಿಗೂ ಕಡ್ಡಿಯ ತಲೆಯಷ್ಟೇ ಮದ್ದು,
ಮದ್ದಿನಿಂದ ಎರಡೆಳೆ ತಂತಿ,
ತಂತಿಯ ಬಾಲಕ್ಕೆ ನನ್ನ ಕೈಬರಹದ ನಂಬರು.

ಮೂವತ್ತೊಂದು ವರ್ಷ
ಟೆಲಿಫೋನ್ ಕಂಪನಿಯ ಕಂಬ ಹತ್ತಿದವಳು ನಾನು.
ಹಿಮದ ಭಾರಕ್ಕೆ ಹರಿದದ್ದನ್ನು ಬೆಸೆದು
ಯಾರದೋ ಹೆರಿಗೆಯ ಸುದ್ದಿಯನ್ನು
ಯಾರದೋ ಅಡುಗೆಮನೆಗೆ ಮುಟ್ಟಿಸಿದವಳು.
ಇಪ್ಪತ್ತನಾಲ್ಕು ಬಾಣ ನನಗ್ಯಾವ ಲೆಕ್ಕ?

ನೀನು ಮೂಗು ಮುರಿದೆ.
‘ಗುಂಡಿ ಒತ್ತಿ ಹಚ್ಚುವುದು ಒಲೆಯನ್ನು.
ಬಾಣಕ್ಕೆ ಓಡಬೇಕು.’
ಹೌದು, ಓಡುತ್ತಿದ್ದಿರಿ.
ಅಪ್ಪನ ಬಾಯಲ್ಲಿ ಚುಟ್ಟಾ,
ಅದರ ಕೆಂಡವೇ ಮನೆಮಂದಿಗೆಲ್ಲ ಕಡ್ಡಿಪೆಟ್ಟಿಗೆ:
ಬಗ್ಗು, ತಾಗಿಸು, ತಿರುಗು, ಓಡು.
ಅರವತ್ತೆಂಟರ ಜುಲೈಯಲ್ಲಿ
ಓಡಲು ಅರೆಗಳಿಗೆ ತಡ ಮಾಡಿದ, ಅಷ್ಟೆ.
ಆಮೇಲೆ ಚರ್ಚಿನಲ್ಲಿ ಕೈ ಜೋಡಿಸಿದಾಗಲೆಲ್ಲ
ಎಂಟೇ ಬೆರಳು.
ಎಣಿಸಿದ್ದೇವೆ ಇಬ್ಬರೂ. ಹೇಳಿಕೊಂಡಿಲ್ಲ.

ಬಾ, ಕೂರು. ಎಪ್ಪತ್ತು ಹೆಜ್ಜೆ ದೂರಕ್ಕೆ ಕುರ್ಚಿ ಹಾಕಿದ್ದೇನೆ.
ಇದು ಕೀಲಿ, ನನ್ನ ಕೊರಳಲ್ಲೇ ಇರುತ್ತದೆ.
ಇದು ಪರೀಕ್ಷೆಯ ಗುಂಡಿ. ಒತ್ತು.
ಒಂದು, ಹಸಿರು. ಎರಡು, ಹಸಿರು.
ಹೆದರಬೇಡ, ಹಾರುವುದಿಲ್ಲ.
ಇಷ್ಟೇ ಇಷ್ಟು ಕರೆಂಟು ಹೋಗಿ ಬರುತ್ತದೆ,
ಬೆಂಕಿಗೆ ಸಾಲದಷ್ಟು;
ಇದ್ದೀಯಾ ಎಂದು ಕೇಳಿ
ಇದ್ದೇನೆ ಎಂಬುದನ್ನು ಹೊತ್ತು ತರುವಷ್ಟು.

ಭಾನುವಾರದ ನಮ್ಮ ಫೋನಿನ ಹಾಗೆ.
ಮಳೆ ಬಂತಾ. ಬಂತು.
ಬೀಟ್ ಹೇಗಿದೆ. ಪರವಾಗಿಲ್ಲ.
ಇಡ್ತೀನಿ. ಇಡು.

                    *

ಕತ್ತಲಾಗಲು ಹತ್ತು ಗಂಟೆ ದಾಟಿತು.
ನಿನ್ನ ಮೊಮ್ಮಗಳು ಬ್ರಿಟಾ ಪಿಕಪ್ಪಿನ ಬಾಗಿಲು ತೆರೆದಿಟ್ಟು
ಅಕಾರ್ಡಿಯನ್ನಿನ ವಾಲ್ಟ್ಸ್ ಹಾಕಿದಳು.
ಮೊದಲ ಪೆಟ್ಟಿಗೆ ಒಂದು. ತಿರುವಿಗೆ ಎರಡು, ಮೂರು ಒಟ್ಟಿಗೆ.
ರಾಗ ಮೇಲೇರಿದಲ್ಲಿ ನಾಲ್ಕರಿಂದ ಒಂಬತ್ತು,
ಹೊಲದ ಎಲೆಯೆಲೆಯೂ ಒಮ್ಮೆ ಕೆಂಪಾಗಿ, ಮತ್ತೊಮ್ಮೆ ಬೆಳ್ಳಗಾಗಿ.
ನಿನ್ನ ಹೆಬ್ಬೆರಳು ತಾಳ ತಪ್ಪಲಿಲ್ಲ,
ಗಂಟುಮುಖ ಮಾತ್ರ ಎಲ್ಲೋ ತಪ್ಪಿಹೋಯಿತು.

ಹದಿನಾರು.
ಹದಿನೇಳು.

ಹದಿನೇಳು.

ರಾಗ ತನ್ನ ಪಾಡಿಗೆ ಮುಂದೆ ಹೋಯಿತು.
ನೀನು ಕುರ್ಚಿಯ ಕೈ ಹಿಡಿದು ಏಳಹೊರಟೆ.
ತೋಳು ಹಿಡಿದು ಕೂರಿಸಿದೆ, ಕೀಲಿ ತೆಗೆದೆ,
ಬ್ರಿಟಾಗೆ ಹಾಡು ನಿಲ್ಲಿಸು ಎಂದೆ.
ಇಪ್ಪತ್ತು ನಿಮಿಷ ಯಾರೂ ಅತ್ತ ಸುಳಿಯಬಾರದು,
ಅದು ನನ್ನ ಕಾನೂನು.

ಸೊಳ್ಳೆ. ಹೊಗೆಯ ಗಂಧಕ.
ದೂರದ ಊರಿನವರ ಬಾಣ, ಸದ್ದು ಬೆಳಕಿನ ಹಿಂದೆ ನಡೆದು ಬರುತ್ತ.
ಆರನೆಯ ನಿಮಿಷಕ್ಕೋ ಏಳಕ್ಕೋ ನೀನೆಂದೆ:

‘ಅವತ್ತು ಅಪ್ಪ ತಡ ಮಾಡಲಿಲ್ಲ, ಸಿಗ್ನೆ.
ಓಡಿ ಬಂದಾಗಿತ್ತು. ನನ್ನ ಪಕ್ಕ ನಿಂತಿದ್ದ.
ಆರಿಹೋಗಿದೆ, ನೋಡಿ ಬಾ ಅಂತ
ನಾನೇ ಕಳಿಸಿದೆ.’

ನಿನಗಾಗ ಒಂಬತ್ತು ವರ್ಷ.
ಹೇಳಲು ನನಗೇನೂ ಹೊಳೆಯಲಿಲ್ಲ.
ಹಿಡಿದ ತೋಳನ್ನು ಬಿಡಲಿಲ್ಲ ಅಷ್ಟೆ,
ಇಪ್ಪತ್ತು ಮುಗಿದ ಮೇಲೂ.

ಮಿಕ್ಕ ಏಳನ್ನು ಹಚ್ಚುವ ಮನಸ್ಸು ಯಾರಿಗೂ ಇರಲಿಲ್ಲ.
ನಿಂತಲ್ಲೇ ನೀರು ಹೊಯ್ದು ಬಿಟ್ಟೆ;
ಬೆಳಿಗ್ಗೆ ನೋಡಿದರೆ
ಹದಿನೇಳರ ತಂತಿಯಲ್ಲಿ ಯಾವ ದೋಷವೂ ಇಲ್ಲ.

ಭಾನುವಾರ ಫೋನು ಮಾಡಿದೆ. ಮಳೆ ಬಂತಾ ಎಂದೆ.
ಬಂತು ಎಂದೆ ನೀನು.
ಆಮೇಲೆ ಸ್ವಲ್ಪ ಹೊತ್ತು ಏನೂ ಇಲ್ಲ,
ಉಸಿರು, ಅಡುಗೆಮನೆಯ ಗಡಿಯಾರ.
ಇಡಲಿಲ್ಲ ಇಬ್ಬರೂ.